ಮಾಳದ ಹುಲ್ಲು ತುಳಿದವನ ದಂಡ

ಅಲಖನೂರಿನ ಬೀರಪ್ಪನ ಮಾಳದಲ್ಲಿ, ಮೊಣಕಾಲುದ್ದ ಹುಲ್ಲಿನ ನಟ್ಟನಡುವೆ, ಒಬ್ಬ ತರುಣ ಅಳತೆಯ ಟೇಪು ಹಿಡಿದು ಬಗ್ಗಿ ನಿಂತಿದ್ದ. ಗಂಗಾ ಹಿಂದಿನಿಂದ ಬಂದು, ಬೇಲಿ ಹಾರಿದ ಟಗರಿಗೆ ತಟ್ಟುವ ಹಾಗೆ, ಕೋಲಿನ ತುದಿಯಿಂದ ಅವನ ಬ್ಯಾಗಿಗೆ ಎರಡು ಸಲ ತಟ್ಟಿದಳು.

"ಹೊರಗ ಬರ್ರಿ. ಹಂಗಲ್ಲ, ಇಟ್ಟ ಹೆಜ್ಜಿ ಮ್ಯಾಲೇ ಹೆಜ್ಜಿ ಇಟಗೊಂಡ ಬರ್ರಿ."

ಅವನು ತಿರುಗಿ ನೋಡಿ ಕಿವಿಯ ತನಕ ಕೆಂಪಾದ. ಹೆಸರು ಬಾಳೇಶ, ಊರು ಮುಗಳಖೋಡ, ಅರಣ್ಯ ಇಲಾಖೆಯಲ್ಲಿ ಕಾಂಟ್ರ್ಯಾಕ್ಟ್ ನೌಕರಿ. ಕಾಗದದಲ್ಲಿ ಈ ಮಾಳ ಖಾಲಿ ಜಾಗ ಅಂತಿದೆ, ಎರಡು ಸಾವಿರ ಸಸಿ ನೆಡಬೇಕು, ಅದಕ್ಕೇ ಅಳೆಯಲು ಬಂದೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ.

"ಖಾಲಿ?" ಎಂದಳು ಗಂಗಾ. ಆ ಒಂದು ಮಾತಿಗೆ ಅವನ ಟೇಪು ತಾನೇ ಸುತ್ತಿಕೊಂಡು ಒಳಗೆ ಹೋಯಿತು.

ಸುತ್ತ ನಾಲ್ಕು ದಿಕ್ಕಿಗೂ ಕಬ್ಬು. ನೇಗಿಲು ಕಾಣದೆ ಉಳಿದದ್ದು ಇದೊಂದೇ ಮಾಳ. ಮೊದಲ ಮಳೆ ಬಿದ್ದ ದಿನದಿಂದ ಹುಲ್ಲಿನ ಬೀಜ ಉದುರುವ ಮಾನವಮಿ ಹಬ್ಬದ ತನಕ ಇಲ್ಲಿ ಕುರಿ ಬಿಡುವಂತಿಲ್ಲ, ಕುಡಗೋಲು ಆಡಿಸುವಂತಿಲ್ಲ, ಕಾಯುವವರ ಹೊರತು ಯಾರೂ ಕಾಲಿಡುವಂತಿಲ್ಲ. ಹನ್ನೊಂದು ಕುರುಬರ ಮನೆಗಳು ವರ್ಷಕ್ಕೊಂದರಂತೆ ಕಾಯುತ್ತ ಬಂದಿವೆ. ಈ ವರ್ಷದ ಪಾಳಿ ಗಂಗಾಳ ಮನೆಯದು.

ಬಾಳೇಶನ ಬೈಕಿನ ಮುಂದಿನ ಗಾಲಿಯೂ ಹುಲ್ಲಿನೊಳಗೇ ಇತ್ತು. ಹಾಗಾಗಿ ಗಾಡಿ ಕೊಂಡವಾಡ ಸೇರಿತು. ತಪ್ಪಿ ನುಗ್ಗಿದ ದನಗಳನ್ನು ಕೂಡಿಹಾಕುವ ಆ ಕಲ್ಲಿನ ದೊಡ್ಡಿಯ ಕೀಲಿ ಗಂಗಾಳ ಅಜ್ಜಿ, ಆಯಿ ದುಂಡವ್ವನ ಸೊಂಟದಲ್ಲಿತ್ತು. ಕೊಂಡವಾಡಕ್ಕೆ ಬಂದದ್ದು ಯಾವುದೇ ಇರಲಿ, ಹಸಿದು ನಿಲ್ಲಬಾರದು ಎಂಬುದು ಹಿರಿಯರು ಹಾಕಿಕೊಟ್ಟ ನೇಮ. ದುಂಡವ್ವ ನೇಮ ಬಿಡುವ ಹೆಣ್ಣಲ್ಲ. ಹೆಡ್‌ಲೈಟಿನ ಮುಂದೆ ಒಂದು ಹೊರೆ ಕಬ್ಬಿನ ಸೋಗೆ ಒಗೆದಳು. "ತಿನ್ನೂದು ಬಿಡೂದು ಅದರ ಮನಸ್ಸು," ಎಂದು ಬಕೆಟ್ಟು ಹಿಡಿದು ನೀರು ತರಲು ಹೋದಳು.

ದಂಡ ಎಷ್ಟು ಎಂದು ಬಾಳೇಶ ಕಿಸೆಗೆ ಕೈ ಹಾಕಿದ. ರೊಕ್ಕದ ದಂಡ ಇಲ್ಲಿ ನಡೆಯುವುದಿಲ್ಲ, ತುಳಿದವನೇ ಬಂದು ಕಾಯಬೇಕು ಎಂದು ಗಂಗಾ ತಿಳಿಸಿದಳು. ಎಷ್ಟು ದಿವಸ ಎಂದು ಅವನು ಕೇಳಿದ.

ಮೂರು ದಿವಸ. ಅಜ್ಜನ ಕಾಲದಿಂದಲೂ ಮೂರೇ. ಮೂರು ಎನ್ನಲೆಂದೇ ಗಂಗಾ ಬಾಯಿ ತೆರೆದಳು. ಆದರೆ ಅವನ ಎಡಹುಬ್ಬಿನಲ್ಲಿ ಹುಲ್ಲಿನ ಬೀಜವೊಂದು ಸಿಕ್ಕಿಕೊಂಡಿತ್ತು. ಅದರ ಅರಿವಿಲ್ಲದೆ ಅವನು ಬಲು ಗಂಭೀರವಾಗಿ ನಿಂತಿದ್ದ.

"ಒಂಬತ್ತು," ಎಂದಿತು ನಾಲಿಗೆ.

ಒಪ್ಪಿ ಗಾಡಿ ಬಿಡಿಸಿಕೊಂಡು ಹೋದವನು ದಿನಾ ಮಧ್ಯಾಹ್ನ ಬಂದ. ಮೊದಲ ದಿನ ಎಮ್ಮೆಯೊಂದನ್ನು ಓಡಿಸಲು ಹೋಗಿ, ಹೊರಗಿದ್ದದ್ದನ್ನು ಒಳಗೇ ಹೊಡೆದ. ಎರಡನೆಯ ದಿನ ಗಂಗಾ ಅವನಿಗೆ ಬುರ್ಲಿ ಹಕ್ಕಿಯ ಗೂಡು ತೋರಿಸಿದಳು. ನೆಲದ ಮೇಲೆ, ಹುಲ್ಲಿನ ಬುಡಕ್ಕೆ, ಆರು ಮೊಟ್ಟೆ. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತ. ಇಲ್ಲಿ ಗುಂಡಿ ತೋಡಿದ್ದರೆ, ಎಂದಷ್ಟೇ ಹೇಳಿ, ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಹಿಂದೆ ಸರಿದ. ಗಂಗಾಗೆ ಅವನ ಮಾತಿಗಿಂತ ಆ ಹೆಜ್ಜೆ ಹಿಡಿಸಿತು.

ಮೂರನೆಯ ದಿನದಿಂದ ಅವನ ಕೈಯಲ್ಲಿ ಒಂದು ದಪ್ಪ ರಿಜಿಸ್ಟರು. ಊರವರು ನೆಲವನ್ನು ಹೇಗೆ ಕಾಯುತ್ತಾರೆ ಎಂಬುದನ್ನು ಬರೆದಿಡುವ ಪುಸ್ತಕವಂತೆ. ಅಲ್ಲಿಯವರೆಗೆ ಅದರ ಹಾಳೆಗಳನ್ನು ಯಾರೂ ಬಿಡಿಸಿರಲಿಲ್ಲ.

"ಇದಕ ಏನಂತೀರಿ?"

"ಕರಿಕಿ."

"ಇದಕ?"

"ಅದು ನಿಮ್ಮ ಬೂಟಿನ ಲೇಸ್ ರೀ."

ಅವನು ನಕ್ಕ. ನಕ್ಕಾಗ ಮೊದಲು ಕಣ್ಣು ನಗುತ್ತಿದ್ದವು, ತುಟಿ ಆಮೇಲೆ ಬಂದು ಕೂಡಿಕೊಳ್ಳುತ್ತಿತ್ತು. ಗಂಗಾ ಆ ನಡುವಿನ ಹೊತ್ತನ್ನು ಕಾಯತೊಡಗಿದಳು. ಹುಲ್ಲನ್ನು ಕಾಯುವುದು ಸ್ವಲ್ಪ ಹಿಂದೆ ಬಿತ್ತು.

ನಾಲ್ಕನೆಯ ದಿನ ಬುತ್ತಿ ಕಟ್ಟಿಸಿಕೊಳ್ಳುವಾಗ ಅವಳು ಆಯಿಯ ಮುಖ ನೋಡಲಿಲ್ಲ. ಮೂರು ಮುಗಿದವಲ್ಲ, ಈತ ಇನ್ನೂ ಯಾಕೆ ಬರುತ್ತಾನೆ ಎಂದು ಆಯಿ ಕೇಳಿದರೆ? ದುಂಡವ್ವ ಕೇಳಲಿಲ್ಲ. ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇಟ್ಟಳು.

ಏಳನೆಯ ದಿನ ಬಾಳೇಶ ಸುದ್ದಿ ತಂದ. ಗುರುವಾರ ರಾಯಬಾಗದಿಂದ ಸಾಹೇಬರು ಬರುತ್ತಾರೆ. ರಿಜಿಸ್ಟರನ್ನು ಊರಮುಂದೆ ಓದಬೇಕು. ಊರು ಹೌದೆಂದರೆ ಈ ಮಾಳ ಜನ ಕಾಯ್ದ ಹುಲ್ಲುಗಾವಲು ಎಂದು ದಾಖಲಾಗುತ್ತದೆ. ಸಸಿಗಳು ರಸ್ತೆಬದಿಯಲ್ಲಿ ಗರಸುಮಣ್ಣು ಅಗೆದು ಬಿಟ್ಟ ತಗ್ಗುಗಳಿಗೆ ಹೋಗುತ್ತವೆ. ಆದರೆ ಒಂದು ಸಾಲು ಸುಳ್ಳೆಂದು ಗೊತ್ತಾದರೂ ಇಡೀ ಪುಸ್ತಕ ಬದಿಗಿಟ್ಟು ಗುಂಡಿ ತೋಡಿಸುತ್ತೇನೆ ಎಂದಿದ್ದಾರಂತೆ.

ಗಂಗಾಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಕಾಯುವ ಪಾಳಿ, ಬೀಜದ ತಿಂಗಳು, ದಂಡದ ದಿವಸ, ಎಲ್ಲ ಬಾಳೇಶ ಬರೆದುಕೊಂಡಿದ್ದ. ಎಂಟನೆಯ ದಿನ ನಿಜ ಹೇಳಬೇಕೆಂದುಕೊಂಡಳು. ಅವನು ಅವತ್ತು ಎಮ್ಮೆಯನ್ನು ಸರಿಯಾದ ದಿಕ್ಕಿಗೇ ಓಡಿಸಿ ಮಕ್ಕಳ ಹಾಗೆ ಹಿಗ್ಗಿದ್ದ, ಆಗಲಿಲ್ಲ. ಒಂಬತ್ತನೆಯ ದಿನ ಅವನ ಮುಂದೆ ಬುತ್ತಿ ಇಟ್ಟು ಮಾಳದ ಆಚೆ ಬದಿಗೆ ನಡೆದುಬಿಟ್ಟಳು.

ಗುರುವಾರ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಸಾಹೇಬರು ಕುರ್ಚಿಯಲ್ಲಿ, ಊರು ನೆಲದಲ್ಲಿ. ಬಾಳೇಶ ಒಂದೊಂದೇ ಸಾಲು ಓದಿದ. ಹನ್ನೊಂದು ಮನೆಯವರೂ ಡೊಳ್ಳಿನ ಹಾಡಿಗೆ ಸೊಲ್ಲು ಕೊಡುವ ಹಾಗೆ ಹೌದ್ರಿ, ಹೌದ್ರಿ ಎನ್ನುತ್ತಿದ್ದರು.

"ಇನ್ನು, ಹುಲ್ಲು ತುಳಿದವರಿಗೆ ದಂಡ," ಎಂದು ಅವನು ಹಾಳೆ ತಿರುವಿದ.

ಗಂಗಾ ಎದ್ದು ನಿಂತಳು. ಮನುಷ್ಯರ ಮುಂದೆ ಸುಳ್ಳಾಡಿಯಾಗಿತ್ತು. ದೇವರ ಕಟ್ಟೆಯ ಮೇಲೆ ಅದನ್ನು ಓದಿಸುವುದು ಅವಳಿಂದಾಗದು. "ಮೂರು ದಿವಸ ರೀ," ಎಂದಳು. "ಒಂಬತ್ತು ನಾ ಹೇಳಿದ ಸುಳ್ಳು. ಊರಂದಲ್ಲ. ಪುಸ್ತಕ ಒಗೀಬ್ಯಾಡ್ರಿ, ಅದೊಂದು ಸಾಲು ಹೊಡದ ಹಾಕ್ರಿ."

ಸಾಹೇಬರು ಕನ್ನಡಕ ತೆಗೆದು, ಸುಳ್ಳು ಯಾಕೆ ಹೇಳಬೇಕಾಯಿತು ಎಂದು ಕೇಳಿದರು. ಗಂಗಾ ಕಟ್ಟೆಯ ಕಲ್ಲು ನೋಡಿದಳು. ಹೆಂಗಸರ ಸಾಲಿನಲ್ಲಿ ಯಾರೋ ಕೆಮ್ಮಿದರು, ಆ ಕೆಮ್ಮು ಸಾಲಿನುದ್ದಕ್ಕೂ ಹರಡಿತು.

"ಹರೇದ ಹುಡುಗಿ ಮೂರಕ್ಕ ಒಂಬತ್ತ ಅಂದ್ರ ಲೆಕ್ಕ ತಪ್ಪಿದ್ದಲ್ಲರಿ, ಸಾಹೇಬ್ರ," ಎಂದಳು ದುಂಡವ್ವ. "ಅಷ್ಟೂ ತಿಳೀದಿದ್ರ ನಿಮಗ ಸಸಿ ಹಚ್ಚಾಕ ಯಾರ ಕಳಿಸಿದ್ರು?"

ಕಟ್ಟೆಗೆ ಕಟ್ಟೆಯೇ ನಕ್ಕಿತು. ಬಾಳೇಶ ಮಾತ್ರ ನಗದೆ ರಿಜಿಸ್ಟರನ್ನು ಸಾಹೇಬರ ಮುಂದೆ ಹಿಡಿದ. ಅವರು ಬೆರಳಿಟ್ಟು ಗಟ್ಟಿಯಾಗಿ ಓದಿದರು: ತುಳಿದವರು ಮೂರು ದಿವಸ ಕಾಯತಕ್ಕದ್ದು. ಶಾಯಿ ಒಣಗಿ ವಾರವಾಗಿತ್ತು. ಸಾಹೇಬರು ಗಂಗಾಳನ್ನೂ ಬಾಳೇಶನನ್ನೂ ಒಮ್ಮೆ ನೋಡಿ, ಕೆಳಗೆ ಸಹಿ ಮಾಡಿದರು.

ಜನ ಎದ್ದು ಚಹಾದ ಕಡೆ ನಡೆದಾಗ ಗಂಗಾ ಅವನ ಬಳಿಗೆ ಬಂದಳು. ಕೋಪ ಮಾಡಬೇಕೋ ನಾಚಬೇಕೋ ತಿಳಿಯದೆ ಎರಡನ್ನೂ ಮುಖದ ಮೇಲೆ ತಂದುಕೊಂಡಿದ್ದಳು.

"ನಿಮಗ ಯಾರ ಹೇಳಿದ್ರು?"

"ಮೂರನೇ ದಿನಾ ಆಯಿನ್ನ ಕೇಳಿದ್ನಿರಿ. ಮೂರು, ಇವತ್ತಿಗೆ ಮುಗೀತು ಅಂದ್ರು."

"ಮತ್ತ ಉಳದ ಆರ ದಿವಸ?"

ಬಾಳೇಶ ರಿಜಿಸ್ಟರನ್ನು ಎದೆಗವಚಿಕೊಂಡ. ಕಣ್ಣು ಮೊದಲು ನಕ್ಕವು. "ಅದನ್ನ ಬರಿಯಾಕ ಇದರಾಗ ಕಾಲಮ್ ಇಲ್ಲರಿ."

ತುಟಿ ಬಂದು ಕೂಡಿಕೊಳ್ಳುವ ತನಕ ಗಂಗಾ ಕಾಯಲಿಲ್ಲ.

"ಐತವಾರ ಬರ್ರಿ," ಎಂದಳು. "ಒಬ್ಬರೇ ಬರಬ್ಯಾಡ್ರಿ. ನಿಮ್ಮ ಅವ್ವಾರನ್ನ ಕರಕೊಂಡ ಬರ್ರಿ."