ಸಾತವ್ವ ಕೊಟ್ಟ ನೆರಳು

ಬಹಳ ಹಿಂದೆ, ಈಗ ಯಾವ ನಕ್ಷೆಯಲ್ಲೂ ಸಿಗದ ಚಿತ್ರಾವಳಿ ಎಂಬ ರಾಜ್ಯವಿತ್ತು. ಅದರ ರಾಜಧಾನಿಯಲ್ಲಿ ಮೂರು ದೊಡ್ಡ ಚೌಕಗಳು, ಚೌಕಕ್ಕೊಂದು ಹೊಂಗೆಮರ. ಊರಿನವರಿಗೆ ನೆರಳು ಬೇಕು, ಉದುರಿದ ಎಲೆ ಬೇಡ. ಕಸ ಕಸ ಎಂದು ಗೊಣಗಿ ಗೊಣಗಿ ಕೊನೆಗೆ ಕಪಿಲಾಕ್ಷನೆಂಬ ಮಾಂತ್ರಿಕನನ್ನು ಕರೆಸಿದರು. ಅವನು ಮಂತ್ರ ಹೇಳಿದ. ಚೌಕಗಳು ಬಿಳಿ ಹಾಸುಗಲ್ಲಾದವು, ಮರಗಳು ನೆಲದೊಳಗೆ ಇಳಿದವು. ಮೂರನೆಯ ಮರದಡಿ ಆಡುತ್ತಿದ್ದ ಐದು ವರ್ಷದ ದೇವೀರಿಯೂ ಇಳಿದುಹೋದಳು.

ಅವಳ ತಾಯಿ ಸಾತವ್ವ ಚೌಕ ಗುಡಿಸುವವಳು. ಕಲ್ಲಿಗೆ ಕಿವಿಯಿಟ್ಟರೆ ಮಗಳು ಅಳುವುದು ಕೇಳಿಸಿತು. ಅವಳು ಹಾರೆ ತಂದು ಮೀಟತೊಡಗಿದಾಗ ಅಲ್ಲಿ ಕಾವಲಿದ್ದ ಕಲ್ಲಾಮೆ ಮಾತಾಡಿತು.

"ಮರ ಮತ್ತೆ ಬೆಳೆದರೇ ಮಗು ಮೇಲೆ ಬರುವುದು. ಅದಕ್ಕೆ ಕೆರೆ ನೀರು ಮೊದಲ ಚೌಕದಿಂದ ಎರಡನೆಯದಕ್ಕೆ, ಅಲ್ಲಿಂದ ಇಲ್ಲಿಗೆ ಬರಬೇಕು. ಮೊದಲ ಚೌಕಕ್ಕೆ ನಡೆ, ನಾನೂ ಬರುತ್ತೇನೆ."

ಮೊದಲ ಚೌಕದಲ್ಲಿ ಆಮೆ ಕೇಳಿತು: "ಕಲ್ಲು ಎತ್ತುತ್ತೇನೆ. ಮರ ಬೆಳೆಯಲು ಹದಿನೈದು ವರ್ಷ ಬೇಕು. ಯಾರ ವರ್ಷ ಕೊಡುತ್ತೀ?"

"ಊರೋರೆಲ್ಲ ಒಂದೊಂದು ದಿನ ಕೊಟ್ರೆ ಸಾಕಾ?"

"ಧಾರಾಳವಾಗಿ ಸಾಕು."

ಸಾತವ್ವ ಮನೆಮನೆಗೆ ಹೋದಳು. "ಇವತ್ತು ಆಗಲ್ಲ ಕಣಮ್ಮ, ಮುಂದಿನ ವಾರ ಬಾ" ಎಂದರು ಎಲ್ಲರೂ. ಅಷ್ಟು ದೊಡ್ಡ ಊರಿನಲ್ಲಿ ಒಂದೇ ಒಂದು ದಿನ ಹುಟ್ಟಲಿಲ್ಲ. ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

"ನಂದೇ ತಗೋ" ಎಂದಳು ಸಾತವ್ವ. ಕಲ್ಲು ಎದ್ದಿತು, ನೀರು ಹರಿಯಿತು, ಹೊಂಗೆ ಮುಗಿಲಿಗೆ ಬೆಳೆಯಿತು. ಅವಳ ಕೂದಲು ನರೆಯಿತು.

ಎರಡನೆಯ ಚೌಕದಲ್ಲೂ ಆಮೆ ಅದನ್ನೇ ಕೇಳಿತು. ಜನ ಅಷ್ಟರಲ್ಲಿ ಮೊದಲ ಮರದಡಿ ಚಾಪೆ ಹಾಸಿದ್ದರು. ಸಾತವ್ವನಿಗೂ ಕೂರಲು ಜಾಗ ಬಿಟ್ಟರು, ದಿನ ಮಾತ್ರ ಕೊಡಲಿಲ್ಲ. ಅವಳು ತನ್ನದೇ ಕೊಟ್ಟಳು. ಬೆನ್ನು ಬಾಗಿತು.

ಮೂರನೆಯ ಚೌಕದಲ್ಲಿ ಆಮೆ ಹಿಂಜರಿಯಿತು. "ಇದನ್ನೂ ಕೊಟ್ಟರೆ ನಿನಗೆ ಹೆಚ್ಚೇನೂ ಉಳಿಯುವುದಿಲ್ಲ."

"ಮಗು ಅಳ್ತಾ ಐತೆ. ಬೇಗ ಎತ್ತು."

ಕಲ್ಲು ಎದ್ದಿತು. ಮಂತ್ರ ಮುರಿದು ಕಪಿಲಾಕ್ಷ ತನ್ನ ಮಹಡಿಯಲ್ಲಿ ನಿಂತಲ್ಲೇ ಪುಡಿಯಾಗಿ ಉದುರಿದ. ಬೆಳೆದ ಮರದ ಬುಡದಿಂದ ದೇವೀರಿ ಎದ್ದು ಬಂದಳು, ಅದೇ ಐದು ವರ್ಷದವಳು.

"ಅಜ್ಜಿ, ನಮ್ಮವ್ವನ್ನ ಕಂಡ್ರಾ?"

"ನಾನೇ ಕಣವ್ವ."

ಮಗು ತಲೆ ಅಲ್ಲಾಡಿಸಿತು. "ನಮ್ಮವ್ವ ಅಜ್ಜಿ ಅಲ್ಲ."

ಆಮೇಲೆ ಚಿತ್ರಾವಳಿಯಲ್ಲಿ ನೆರಳಿಗೆ ಬರವಿರಲಿಲ್ಲ. ಎಲ್ಲರೂ ಸುಖವಾಗಿದ್ದರು. ದೇವೀರಿಯೂ ಅಜ್ಜಿಯ ಕೈತುತ್ತು ತಿಂದು, ಮರದಡಿ ಆಡಿ, ದಾರಿ ನೋಡುತ್ತಿದ್ದಳು. ಸಾತವ್ವ ಇದ್ದಷ್ಟು ದಿನವೂ ಅವಳಿಗೆ ಹೇಳಿದ್ದು ಒಂದೇ.

"ನಿಮ್ಮವ್ವ ಬತ್ತಾಳೆ ಕಣವ್ವ. ನೀನು ಉಣ್ಣು."