ಕೇಳದೆ ಎದ್ದುಬಂದ ಪ್ರಸಂಗ

ಆ ಮಾತು ಓದುವಾಗ ಸುನೀಲಕುಮಾರ ತಲೆ ಎತ್ತಿದ. ಅವನ ನೋಟ ನೇರವಾಗಿ ಕೃಪಾಳ ಕಣ್ಣಿಗೇ ತಾಗಿತು!

ಮತ್ತಾಯನ ಸುವಾರ್ತೆ, ಹತ್ತೊಂಬತ್ತನೆಯ ಅಧ್ಯಾಯ. ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಳ್ಳುವವನು ವ್ಯಭಿಚಾರಿ, ಹಾಗೆ ಗಂಡ ಬಿಟ್ಟವಳ ಕೈ ಹಿಡಿಯುವವನೂ ವ್ಯಭಿಚಾರಿಯೇ ಎಂಬ ಭಾಗ.

ಬ್ಯಾಡಗಿಯ ಆ ಸಣ್ಣ ಚರ್ಚಿನಲ್ಲಿ ಕೂತಿದ್ದವರು ನಲವತ್ತು ಜನ. ಅವರಲ್ಲಿ ಗಂಡ ಬಿಟ್ಟವಳು ಒಬ್ಬಳೇ.

'ನನಗಾಗಿಯೇ ಓದಿದರು... ಅದೂ ಎಲ್ಲರ ಮುಂದೆ!'

ಸುನೀಲಕುಮಾರ ಹಾವೇರಿಯಲ್ಲಿ ಹೈಸ್ಕೂಲ್ ಮಾಸ್ತರ. ಪಾದ್ರಿ ಅಯ್ಯನವರು ಬೇರೆ ಊರಿನ ಸಭೆಗೆ ಹೋದ ಆದಿತ್ಯವಾರಗಳಲ್ಲಿ ಇಲ್ಲಿ ಬಂದು ಪ್ರಸಂಗ ಮಾಡುವವನು. ಕಳೆದ ಬುಧವಾರ ಪ್ರಾರ್ಥನಾ ಕೂಟ ಮುಗಿದ ಮೇಲೆ ಇದೇ ಮನುಷ್ಯ ತಡವರಿಸುತ್ತ ಕೇಳಿದ್ದ:

"ಕೃಪಾ, ನಿಮಗ ಒಪ್ಪಿಗಿ ಇದ್ದರ... ನಾ ನಿಮ್ಮನ್ನ ಮದಿವಿ ಆಗಬೇಕಂತ ಮಾಡೇನಿ."

"ಆದಿತ್ವಾರ ಹೇಳ್ತೇನ್ರಿ" ಎಂದಿದ್ದಳು. ನಾಲ್ಕು ದಿನ ಪ್ರಾರ್ಥನೆ ಮಾಡಿದ್ದಳು. ಹೂಂ ಅನ್ನಲೆಂದೇ ಇವತ್ತು ಬಂದಿದ್ದಳು.

ಕೀರ್ತನೆಗೆ ಎಲ್ಲರೂ ಎದ್ದು ನಿಂತಾಗ, ಕೃಪಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರನಡೆದಳು. ಪ್ರಸಂಗಕ್ಕೆ ಕೂರಲಿಲ್ಲ.

ಮನೆಯಲ್ಲಿ ಯಾರೂ ಇರಲಿಲ್ಲ. ಚಿಗವ್ವ ಪ್ರೇಮವ್ವ ಇನ್ನೂ ಚರ್ಚಿನಲ್ಲೇ ಇದ್ದಳು. ಕೃಪಾ ಗೋಡೆಗೊರಗಿ ಕೂತಳು. ಅಳು ಬರಲಿಲ್ಲ... ಬಂದದ್ದು ನೆನಪು.

ರಾಣೆಬೆನ್ನೂರಿನಲ್ಲಿ ಅವಳು ಬೆಳೆದ ಪ್ರಾರ್ಥನಾ ಮಂದಿರದಲ್ಲಿ, ಅಂದು ಮುಂಜಾನೆ ಕರ್ತನು ಕೊಟ್ಟ ಮಾತೆಂದು ಪಾಸ್ಟರು ತಾವೇ ಆರಿಸಿದ ಭಾಗ ಓದುತ್ತಿದ್ದರು. ಅದು ಎದುರಿಗೆ ಕೂತ ಯಾರಿಗೋ ಹೇಳಿದ್ದೆಂದು ಎಲ್ಲರ ನಂಬಿಕೆ. ಮಕ್ಕಳಾಗಲಿಲ್ಲವೆಂದು ಗಂಡ ವಿಚ್ಛೇದನ ಪಡೆದು ಕೋರ್ಟಿನ ಕಾಗದ ಕಳಿಸಿದ ವಾರ, ಅಲ್ಲಿ ಗಂಡನಿಗೆ ತಗ್ಗಿ ನಡೆಯದ ಹೆಂಗಸರ ಬಗ್ಗೆ ಒಂದು ತಾಸು ಮಾತಾಯಿತು. ಎಲ್ಲರ ತಲೆ ಅವಳತ್ತ ಹೊರಳಿತ್ತು. ಆಮೇಲೆಯೇ ಅವಳು ಬ್ಯಾಡಗಿಗೆ ಬಂದು, ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಕೆಲಸ ಹಿಡಿದದ್ದು. ಈಗ ಮೂರು ತಿಂಗಳು.

'ಇದು ಪಾಪ ಅನ್ನಿಸಿದ್ದರೆ ನನಗೇ ಹೇಳಬಹುದಿತ್ತು. ದೇವರ ಬಾಯಿಂದ ಹೇಳಿಸಬೇಕಿತ್ತೆ?'

ಮಧ್ಯಾಹ್ನ ಪ್ರೇಮವ್ವ ಏದುಸಿರು ಬಿಡುತ್ತ ಬಂದಳು.

"ಏನವಾ ಮಹಾರಾಣಿ! ಆಶೀರ್ವಾದ ತಗೊಳ್ಳದ ಎದ್ದ ಬಂದೀ? ಅಲ್ಲಿ ಜಗಳ ಆತು, ನೋಡಾಕರ ಇರಬೇಕಿತ್ತು!"

"ನನಗೇನೂ ಬ್ಯಾಡ ಚಿಗವ್ವಾ. ಅವರು ಹೇಳೂದನ್ನ ಓದಿ ತೋರಿಸ್ಯಾರಲ್ಲ."

"ಯಾರು, ಸುನೀಲನ? ಎಲೀ ಹುಚ್ಚೀ, ಅದನ್ನ ಅವ ಆರಿಸ್ಯಾನಂತ ತಿಳದೀಯೇನ? ನಮ್ಮ ಸಭಾದಾಗ ಯಾವ ಆದಿತ್ವಾರ ಯಾವ ಭಾಗ ಓದಬೇಕಂತ ವರ್ಷದ ಮೊದಲ ಅಚ್ಚಾಗಿ ಬರತೈತಿ. ಬಾಗಲ ಬಾಜೂಕನ ಪಟ್ಟಿ ತೂಗಹಾಕ್ಯಾರ. ಮೂರು ತಿಂಗಳಾತು, ಒಂದ ದಿನರ ಕಣ್ಣೆತ್ತಿ ನೋಡೀಯೇನ?"

ಗೋಡೆಗೊರಗಿದ್ದ ಕೃಪಾ ನೆಟ್ಟಗಾದಳು.

"ಮತ್ತ... ಜಗಳ ಯಾಕ?"

"ಅವನ್ನ ಕೇಳು. ಕರಕೊಂಡ ಬಂದೇನಿ. ಒಳಗ ಬಾ ಅಂದ್ರ ಬರವೊಲ್ಲ, ಹೊರಗ ನಿಂತಾನ. ನಾ ಚಾ ಇಡ್ತೇನಿ, ನೀವು ಬಡದಾಡ್ರಿ."

ಅವನು ಅಂಗಳದಲ್ಲಿ ನಿಂತಿದ್ದ. ಮುಖ ಬಾಡಿತ್ತು.

"ಪಟ್ಟಿ ನೋಡಿದ್ದು ನಿಮ್ಮನ್ನ ಕೇಳಿದ ಮ್ಯಾಲೆ. ಆವಾಗನ ಫೋನ್ ಮಾಡಿ ಹೇಳಬೇಕಿತ್ತು. ಧೈರ್ಯ ಆಗಲಿಲ್ಲ. ತಪ್ಪಾತು."

"ಬ್ಯಾರೆ ಭಾಗ ಓದಬಹುದಿತ್ತಲ್ರಿ?"

"ಆ ಮಾತಿಗೆ ಬೆನ್ನು ತೋರಿಸಿ ನಿಮ್ಮ ಕೈ ಹಿಡಿಯೂದು ನನಗ ಬ್ಯಾಡಾಗಿತ್ತು, ಕೃಪಾ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಪ್ರಸಂಗದಾಗ ಏನ್ ಹೇಳಿದ್ರಿ?"

"ಮೂರನೇ ವಚನ ನೆನಪೈತೇನ್ರಿ?"

ಅಜ್ಜಿಯ ಬಾಯಿಂದ ಕೇಳಿ ಕೇಳಿಯೇ ಕೃಪಾ ಅಧ್ಯಾಯಗಳನ್ನು ಕಲಿತವಳು. ಪುಸ್ತಕ ಬೇಕಾಗಲಿಲ್ಲ. ಶಾಸ್ತ್ರ ಬಲ್ಲ ಫರಿಸಾಯರು ಬಂದು ಯೇಸುವನ್ನು ಪರೀಕ್ಷಿಸುತ್ತಾರೆ... ಯಾವುದಾದರೂ ಒಂದು ಕಾರಣಕ್ಕೆ ಹೆಂಡತಿಯನ್ನು ಬಿಡುವುದು ಸರಿಯೋ ಎಂದು ಕೇಳುತ್ತಾರೆ...

ಹೇಳುತ್ತಿದ್ದ ಅವಳ ದನಿ ನಡುವೆಯೇ ನಿಂತಿತು. ನೂರು ಸಲ ಹೇಳಿದ ವಚನ ಇವತ್ತೇ ಕಿವಿಗೆ ಬಿದ್ದಂತಾಯಿತು!

"ಕೇಳಿದವರು... ಬಿಡಾಕ ಹೊಂಟ ಗಂಡಸರು" ಎಂದಳು ಮೆಲ್ಲಗೆ.

"ಹೂಂ. ಅಷ್ಟ ಹೇಳಿದೆ. ಕಾಗದ ಕೊಟ್ಟು ಹೆಣ್ಣನ್ನ ಹೊರಗ ಹಾಕಬ್ಯಾಡ್ರಿ ಅಂತ ಗಂಡಸರಿಗೆ ಅಂದ ಮಾತನ್ನ, ಹೊರಗ ಬಿದ್ದಾಕಿ ಮ್ಯಾಲೆ ಕಲ್ಲು ಮಾಡಿ ಒಗ್ಯಾಕತ್ತೇವಿ ಅಂದೆ."

ಅವಳ ಕಣ್ಣು ತುಂಬಿತು. ಆದರೂ ಮನಸ್ಸು ಸುಮ್ಮನಾಗಲಿಲ್ಲ.

"ಆದ್ರ ಅಂಥಾಕಿನ್ನ ಮದಿವಿ ಆದಾವನೂ... ಅಂತ ಐತಲ್ರಿ. ಅದನ್ನ ಅಳಿಸಾಕ ಬರೂದಿಲ್ಲ."

"ಬರೂದಿಲ್ಲ. ಆ ಮಾತಿನ ಮುಂದ ನಾನೂ ಅಂಜತೇನಿ. ಸಭಾದ ಹಿರ್ಯಾರೂ ಅದನ್ನ ಹಿಡಕೊಂಡ್ರು. ನೀನರ ಅಂಥಾಕಿನ್ನ ಮದಿವಿ ಆಗ್ತೀಯೇನು ಅಂದ್ರು. ಆಗ್ತೇನಿ ಅಂದೆ. ಅಯ್ಯನವರು ಬಂದು ವಿಚಾರ ಮಾಡೂತನಕ ಪ್ರಸಂಗ ಬಂದ್ ಅಂದ್ರು."

"ನಾ ಹೂಂ ಅನ್ನೂಕಿಂತ ಮೊದಲ ಊರಿಗೆಲ್ಲಾ ಹೇಳಿಬಿಟ್ಟೀರೇನ್ರಿ?!"

"ಇಲ್ರಿ! ಆಕಿ ಒಪ್ಪಿದರ ಅಂತ ಹೇಳೇನಿ..."

ಒಳಗಿನಿಂದ ಪ್ರೇಮವ್ವನ ನಗು ಕೇಳಿಸಿತು. ಕೃಪಾ ನಗಲಿಲ್ಲ.

"ನೀವು ತಿಳಕೊಂಡದ್ದ ತಪ್ಪಾಗಿದ್ದರ?"

"ಒಂದ ದಿನ ದೇವರ ಮುಂದ ನಿಂತು ಉತ್ತರಾ ಹೇಳಬೇಕಾಕ್ಕೈತಿ. ನಿನ್ನ ಕರುಣಾ ನಂಬಿ ಮಾಡಿದೆ ತಂದೆ, ಅಂತೇನಿ."

"ಒಬ್ಬರ ನಿಲ್ತೀರೇನು?"

"ಮತ್ತ ನನ್ನ ಕೂಡ ಯಾರು ಬರ್ತಾರ?"

ಕೃಪಾ ಚೌಕಟ್ಟು ಬಿಟ್ಟು ಅಂಗಳಕ್ಕೆ ಇಳಿದಳು. ಅವನ ಬದಿಗೆ ಬಂದು ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾ ಬರ್ತೇನ್ರಿ. ಅಂಜಿ ನಡುವ ಮಾತು ಮರತರ... ಹೇಳಿಕೊಡಾಕ ಒಬ್ಬರರ ಬೇಕಲ್ಲ."