ಅಮ್ಮ ಹೇಳಿದ ಮಿಯೆಲ್

"ಅದನ್ನ ಮುಟ್ಬೇಡಿ!"

ಇದಾಲಿಯಾ ಬರಿಗಾಲಲ್ಲೇ ಜಗಲಿಗೆ ಓಡಿಬಂದಳು. ಅಪರಿಚಿತನೊಬ್ಬ ಅಮ್ಮನ ಕೆಂಪು ಬಾಟಲಿಯನ್ನು ಕೊಕ್ಕೆಯಿಂದ ಇಳಿಸಿ, ಒಳಗಿದ್ದುದನ್ನು ಬಕೆಟ್ಟಿಗೆ ಸುರಿಯುತ್ತಿದ್ದ.

"ಏನು ಹಾಕಿದ್ರಿ ಇದಕ್ಕೆ?" ಅವನು ಬಾಟಲಿ ಮೂಸಿ ನೋಡಿದ.

"ನೀರಲ್ಲಿ ಕದಡಿದ ಜೇನು. ಒಳ್ಳೇ ಮೆಸ್ಕೀಟ್ ಹೂವಿನ ಜೇನು! ನಿಮ್ಮಪ್ಪನ ಗಂಟೇನಾದ್ರೂ ಹೋಯ್ತಾ?"

ಅವನು ಅಂಗಳದ ಮರದ ಕೊಂಬೆ ತೋರಿಸಿದ.

ಜನರಲಾ!

ಜಗಲಿಗೆ ಬೇರೆ ಹಮ್ಮಿಂಗ್‌ಬರ್ಡ್ ಸುಳಿಯಗೊಡದ ಆ ಜಗಳಗಂಟಿಗೆ ಅಮ್ಮ ಇಟ್ಟ ಹೆಸರು, ದಂಡನಾಯಕಿ ಅಂತ. ಈಗ ಹತ್ತಿಯುಂಡೆಯಂತೆ ಉಬ್ಬಿ ಕುಳಿತಿತ್ತು. ಕಣ್ಣು ಅರೆಮುಚ್ಚಿತ್ತು. ಕೊಕ್ಕಿನ ತುದಿಯಲ್ಲಿ ನಾಲಿಗೆ ನೂಲಿನಂತೆ ಜೋತಿತ್ತು...

"ಚುಪರೋಸಾಗೆ ಮಿಯೆಲ್ ಹಾಕೋದು ಮರೀಬೇಡ, ಮಗಳೇ." ಹಮ್ಮಿಂಗ್‌ಬರ್ಡನ್ನು ಚುಪರೋಸಾ ಅನ್ನುತ್ತಿದ್ದ ಅಮ್ಮ ಸಾಯುವ ಮುನ್ನ ಕೇಳಿದ್ದು ಅದೊಂದೇ.

"ಮಿಯೆಲ್ ಅಂತಾನೇ ಹೇಳಿದ್ಳು!" ಎಂದಳು ಇದಾಲಿಯಾ. "ಮಿಯೆಲ್ ಅಂದ್ರೆ ಜೇನು ತಾನೇ?"

"ನಿಮ್ಮಮ್ಮ ದೋನ್ಯಾ ಚೆಲೋ ಗಡಿಯಾಚೆಯ ಸೊನೋರಾದವರು ರೀ. ಅವರಿಗೆ ಜೇನೂ ಮಿಯೆಲ್ಲೇ, ಸಕ್ಕರೆ ಪಾಕಾನೂ ಮಿಯೆಲ್ಲೇ. ಈ ಹಕ್ಕಿಗೆ ಪಾಕ ಮಾತ್ರ. ನೀರು ಬಿದ್ದ ಜೇನು ಬೂಷ್ಟು ಹಿಡಿಯುತ್ತೆ, ನಾಲಿಗೆ ಊದಿಸುತ್ತೆ."

ಟೂಸಾನಿನ ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಬೆಳೆದವಳು ಅವಳು. ಅಮ್ಮನ ಭಾಷೆಯಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಗೊತ್ತಿತ್ತು. ಹಾಗಾದ್ರೆ... ನಾನೇ ವಿಷ ಹಾಕಿದ್ನಾ?

"ಒಲೆ ಹಚ್ಚಿ," ಎಂದ ಅವನು. "ಬಿಳಿ ಸಕ್ಕರೆ ಒಂದು ಕಪ್, ನೀರು ನಾಲ್ಕು. ಬಣ್ಣಗಿಣ್ಣ ಏನೂ ಬೇಡ."

ಕೇಳಿದಾಗ ಹೆಸರು ಹೇಳಿದ: ಎವರಿಸ್ತೋ, ಪಕ್ಕದ ಮನೆಯವನು. ಶಾಲೆಯ ಬ್ಯಾಂಡ್ ಮೇಷ್ಟ್ರು. ತುತ್ತೂರಿ ತೊಳೆಯುವ ಬ್ರಷ್ ತಂದು, ಬಿಸಿನೀರು, ವಿನೆಗರ್ ಹಾಕಿ, ಬಾಟಲಿಯ ಪ್ಲಾಸ್ಟಿಕ್ ಹೂಗಳ ಬಾಯಲ್ಲಿದ್ದ ಕಪ್ಪು ಚುಕ್ಕೆಗಳನ್ನು ಉಜ್ಜಿದ. ಮತ್ತೆ ಮತ್ತೆ ತೊಳೆದ. ಪಾಕ ಆರಿದ ಮೇಲೆ ತುಂಬಿ ನೇತುಹಾಕಿದರು.

ಜನರಲಾ ಕದಲಲಿಲ್ಲ.

"ಅಮ್ಮನ್ನ ಉಳಿಸ್ಕೊಳ್ಳೋಕಾಗ್ಲಿಲ್ಲ. ಇದನ್ನೂ..."

"ಶ್... ಕಾಯೋಣ." ಅವನು ಮೆಟ್ಟಿಲ ಮೇಲೆ ಕುಳಿತ. "ಮಕ್ಕಳ ಜೊತೆ ಶಿಬಿರಕ್ಕೆ ಹೋಗಿದ್ದೆ. ಮಣ್ಣಿಗೂ ಬರೋಕಾಗ್ಲಿಲ್ಲ. ಈ ಬಾಟ್ಲಿ ತೊಳೀತಿದ್ದಿದ್ದು ನಾನೇ."

"ಅಮ್ಮನಿಗೆ ಸಹಾಯ ಅಂತಾನಾ?"

"ಅಂತ ಅವರು ಅಂದ್ಕೊಂಡಿದ್ರು." ಅವನ ಕಿವಿ ಕೆಂಪಾಯಿತು. "ದೂರದಿಂದ ನಿಮ್ಮ ಫೋನ್ ಬಂದ್ರೆ ಸ್ಪೀಕರಿಗೆ ಹಾಕೋರು. ನೀವು ನಗೋದು ಕೇಳೋಕೆ ಅಂತ... ತೊಳೆದ ಬಾಟ್ಲೀನೇ ತೊಳೀತಾ ಕೂರ್ತಿದ್ದೆ."

ಇವನನ್ನೇ ಅಲ್ಲವೇ ಈಗಷ್ಟೇ ಬೈದದ್ದು!

ನಾಚಿ ಮರದತ್ತ ನೋಡಿದಳು. ಕೊಂಬೆ ಬರಿದಾಗಿತ್ತು.

"ಬಿತ್ತಾ?!" ಅವಳು ಅವನ ತೋಳು ಹಿಡಿದಳು.

ತಲೆಯ ಮೇಲೆ ಗುಂಯ್ ಎಂದಿತು. ಜನರಲಾ ಕೆಂಪು ಹೂವಿಗೆ ಕೊಕ್ಕಿಟ್ಟಿತ್ತು. ಕುಡಿಯಿತು... ನಿಂತಿತು... ಮತ್ತೆ ಕುಡಿಯಿತು. ನಾಲಿಗೆ ಒಳಕ್ಕೆ ಹೋಯಿತು! ಅಷ್ಟರಲ್ಲಿ ಇನ್ನೊಂದು ಹಕ್ಕಿ ಹತ್ತಿರ ಬಂತು. ಜನರಲಾ ಚಿಟಿಚಿಟಿ ಬೈಯುತ್ತಾ ಅದನ್ನು ಬೇಲಿಯಾಚೆಗೆ ಅಟ್ಟಿತು.

ಇದಾಲಿಯಾ ಅಳುತ್ತಲೇ ನಕ್ಕಳು.

"ಇದೇ ನಗು," ಎಂದ ಎವರಿಸ್ತೋ ಮೆಲ್ಲಗೆ.

ಅವಳು ತೋಳು ಬಿಡಲಿಲ್ಲ.

"ಈ ಬಿಸಿಲಿಗೆ ಬಾಟ್ಲೀನ ದಿನ ಬಿಟ್ಟು ದಿನ ತೊಳೀಬೇಕು ರೀ," ಎಂದ ಅವನು.

"ಬ್ರಷ್ ನಿಂದೇ ತಾನೇ? ನೀನೇ ಬಾ."

ನೀನು! ಅವನು ಬ್ರಷ್ ಕೈಗೆತ್ತಿಕೊಂಡ. "ಮತ್ತೆ... ನಡುವಿನ ದಿನ?"

"ನಡುವಿನ ದಿನ ಫೋನ್ ಮಾಡ್ತೀನಿ. ಸ್ಪೀಕರ್ ಬೇಡ... ಕಿವಿಗೇ ಇಟ್ಕೋ."